ಕೊನೆಯ ಸಾಲು ಗೊತ್ತಿದ್ದ ಹಾಡು

ಬಾಲಿ ದ್ವೀಪದ ಪೂರ್ವದ ಮೂಲೆಯಲ್ಲಿರುವ ಅಮ್ಲಾಪುರದ ತಾಳೆಗರಿ ಭಂಡಾರದಲ್ಲಿ ನೆಂಗಾ ರಸ್ಮಿನಿಗೆ ಕೆಲಸ ಸಿಕ್ಕಿದ್ದು ಅವಳ ಕೈ ನೆಟ್ಟಗಿಲ್ಲದ್ದರಿಂದ. ಅಪ್ಪ ಗರಿ ಕೊರೆಯುವುದರಲ್ಲಿ ಹೆಸರು ಮಾಡಿದವರು. ಅವರ ಚಾಕು ಗರಿಯ ಮೇಲೆ ಓಡಿದರೆ ಅಕ್ಷರಗಳು ಇರುವೆ ಸಾಲಿನಂತೆ ಶಿಸ್ತಾಗಿ ನಿಲ್ಲುತ್ತಿದ್ದವು. ಮಗಳ ಚಾಕು ಓಡಿದರೆ ಗರಿ ಎರಡಾಗುತ್ತಿತ್ತು. ಹದಿನಾಲ್ಕು ಗರಿ ಸೀಳಿದ ಮೇಲೆ ಅಪ್ಪ, "ನಿನ್ನ ಕೈಗೆ ಹರಿಯದೇ ಇರೋ ವಸ್ತು ಏನಾದ್ರೂ ಕೊಡ್ಬೇಕು ಮಗಳೇ," ಎಂದು ಭಂಡಾರಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಕಬ್ಬಿಣದ ಟೈಪ್‌ರೈಟರಿನ ಮುಂದೆ ಕೂರಿಸಿ ಬಂದರು.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಅಪ್ಪನೂ ಹೋದರು. ರಸ್ಮಿನಿಯ ಹೆಣ್ಣುಮಕ್ಕಳಿಬ್ಬರ ಮದುವೆಯಾಯಿತು. ಗಂಡ ಊರಿನ ಮೇಳದಲ್ಲಿ ದೊಡ್ಡ ಜಾಗಟೆ ಬಾರಿಸುವವನು. ಉಳಿದವರು ನೂರು ಪೆಟ್ಟು ಹೊಡೆದ ಮೇಲೆ ಒಂದು ಪೆಟ್ಟು ಹೊಡೆಯುವ ಕೆಲಸವಾದ್ದರಿಂದ ಅವನಿಗೆ ಲೋಕದಲ್ಲಿ ಯಾವುದಕ್ಕೂ ಅವಸರವಿಲ್ಲ. ರಸ್ಮಿನಿಗೆ ನಲವತ್ತೇಳಾಗಿತ್ತು. ಭಂಡಾರದ ಸಾವಿರದ ನಾನೂರ ಹನ್ನೆರಡು ತಾಳೆಗರಿ ಕಟ್ಟುಗಳ ವಿವರವನ್ನೂ ಅವಳ ಬೆರಳುಗಳೇ ಕುಟ್ಟಿದ್ದವು.

ಹದಿನೈದು ವರ್ಷದ ಹಿಂದೆ ಮಾರಿಕೆ ಎಂಬ ಎತ್ತರದ ಡಚ್ ಸಂಶೋಧಕಿ ಬಂದು, ಬಾಗಿಲ ಚೌಕಟ್ಟಿಗೆ ಮೂರು ಸಲ ಹಣೆ ಚಚ್ಚಿಕೊಂಡು, ಒಂದೊಂದು ಕಟ್ಟಿಗೂ ಒಂದೊಂದು ಎಕ್ಸ್‌ಎಂಎಲ್ ಫೈಲು ಇರಬೇಕೆಂದು ತೀರ್ಮಾನ ಮಾಡಿದ್ದಳು. ಹೆಸರಿಗೊಂದು ಗೂಡು, ಕೊಟ್ಟವರಿಗೊಂದು ಗೂಡು, ಗರಿಗಳೆಷ್ಟು, ಮೊದಲ ಸಾಲು ಯಾವುದು, ಕೊನೆಯ ಸಾಲು ಯಾವುದು, ಎಲ್ಲಕ್ಕೂ ಗೂಡು. ತೆರೆದ ಗೂಡನ್ನು ಮುಚ್ಚಲೇಬೇಕು, ಇಲ್ಲದಿದ್ದರೆ ಇಡೀ ಫೈಲು ಮುನಿಸಿಕೊಂಡು ಕೂರುತ್ತದೆ. ಬೇರೆಯವರು ಇದನ್ನು ಕಂಡು ತಲೆ ಕೆರೆದುಕೊಂಡರು. ರಸ್ಮಿನಿ ಕೆರೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಐವತ್ತು ನೈವೇದ್ಯದ ಬುಟ್ಟಿ ಕಟ್ಟಿ, ಬಿಳಿ ಹೂವು ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ ಎಂದು ಕಣ್ಣುಮುಚ್ಚಿ ಜೋಡಿಸುವವಳಿಗೆ ಹೆಸರನ್ನು ಹೆಸರಿನ ಗೂಡಿನಲ್ಲಿಡುವುದು ದೊಡ್ಡದೇ?

ಮಾರಿಕೆ ಹೊರಡುವಾಗ ಒಂದು ಸ್ಟೈಲ್‌ಶೀಟ್ ಬಿಟ್ಟುಹೋದಳು. ಒಂದು ಫೈಲನ್ನು ಅದರ ಕೈಗೆ ಕೊಟ್ಟರೆ ಗೂಡುಗಳನ್ನೆಲ್ಲ ಕಳಚಿ, ಓದುವ ಹಾಗೆ ಚೊಕ್ಕ ಪುಟವಾಗಿ ಮಾರ್ಪಡಿಸಿ ಕೊಡುತ್ತಿತ್ತು. ರಸ್ಮಿನಿ ಅದನ್ನು ಓರಗಿತ್ತಿಯ ಚಟ್ನಿಯ ಹಾಗೆ ನೋಡಿದಳು: ಪರವಾಗಿಲ್ಲ, ಆದರೆ ತಿದ್ದಬೇಕು. ಇವತ್ತು ಒಂದು ಪದ, ಮುಂದಿನ ತಿಂಗಳು ಒಂದು ಸಾಲು. ಕೆಟ್ಟರೆ ಹಳೆಯದನ್ನೇ ಇಡುವುದು, ಕೆಡದಿದ್ದರೆ ಮತ್ತೆ ಕೈ ಹಾಕುವುದು. ಹೀಗೆ ಎಂಟು ವರ್ಷ ತಿದ್ದಿದ ಮೇಲೆ ಅದು ಒಂದು ಫೈಲಲ್ಲ, ಎಲ್ಲ ಫೈಲುಗಳನ್ನೂ ತಾನೇ ತೆರೆದು ನೋಡುವುದನ್ನು ಕಲಿಯಿತು. ತಾನಿರುವ ಫೋಲ್ಡರು, ಅದರೊಳಗಿನ ಫೋಲ್ಡರು, ಅದರೊಳಗಿನದು, ಹೀಗೆ ಕೆಳಕೆಳಗೆ ಇಳಿದು, ಹೇಳಿದ ಗೂಡಿನಲ್ಲಿ ಹೇಳಿದ ಮಾತು ಇರುವ ಕಟ್ಟುಗಳನ್ನೆಲ್ಲ ಹೆಕ್ಕಿ ಒಂದೇ ಪುಟದಲ್ಲಿ ಸಾಲಾಗಿ ನಿಲ್ಲಿಸುತ್ತಿತ್ತು. ಪುಟದ ಅಡಿಯಲ್ಲಿ ಎಷ್ಟು ಫೈಲು ನೋಡಿದೆನೆಂಬ ಲೆಕ್ಕವನ್ನೂ ಬರೆಯುತ್ತಿತ್ತು. ಆ ಲೆಕ್ಕವನ್ನು ಯಾರೂ ಓದುತ್ತಿರಲಿಲ್ಲ. ರಸ್ಮಿನಿಯೂ ಓದುತ್ತಿರಲಿಲ್ಲ.

ಭಂಡಾರದ ನಿರ್ದೇಶಕ ಗುಸ್ತಿ ಲಾನಾಂಗ್ ಅವರಿಗೆ ಈ ಸ್ಟೈಲ್‌ಶೀಟಿನ ಬಗ್ಗೆ ಗೌರವವಿರಲಿಲ್ಲ. ಅದಕ್ಕೊಂದು ಹೆಸರಿರಲಿಲ್ಲ, ಉದ್ಘಾಟನೆಯಾಗಿರಲಿಲ್ಲ. ಅವರು ತರಿಸಿದ್ದ 'ಜ್ಞಾನಸಾಗರ' ಎಂಬ ಶೋಧವ್ಯವಸ್ಥೆಗೆ ಎರಡೂ ಆಗಿತ್ತು. ಅದನ್ನು ತೆರೆದರೆ ಪರದೆಯ ಮೇಲೆ ಒಂದು ತಾವರೆ ನಲವತ್ತು ಸೆಕೆಂಡು ನಿಧಾನವಾಗಿ ಅರಳಿ, ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ನಿರ್ದೇಶಕರಿಗೆ ಮಾತ್ರ ಗೊತ್ತಿತ್ತು. ಈಗ ಅವರಿಗೂ ಮರೆತಿತ್ತು. ಅತಿಥಿಗಳು ಬಂದಾಗ ತಾವರೆ ಅರಳಿಸಿ ತೋರಿಸಿ, ಮುಚ್ಚಿಬಿಡುತ್ತಿದ್ದರು.

ಆ ಬುಧವಾರ ಬಂದವರು ಅಗುಂಗ್ ಪರ್ವತದ ಸೆರಗಿನಲ್ಲಿರುವ ಪಂಗಿ ಹಳ್ಳಿಯ ಪೂಜಾರಿ, ಜೆರೋ ಮಂಗ್ಕು ದಾನ. ಬಿಳಿ ಪಂಚೆ, ಬಿಳಿ ರುಮಾಲು, ಎಪ್ಪತ್ತರ ವಯಸ್ಸು. ತಲೆಯ ಮೇಲೊಂದು ಹೆಲ್ಮೆಟ್ಟು, ಅದನ್ನು ತೆಗೆಯಲು ಮರೆತೇ ಒಳಗೆ ಬಂದು ಕೂತರು.

"ಲುಹ್, ನಮ್ಮ ಊರಿನ ಹಾಡು ನಿಮ್ಮ ಹತ್ರ ಇದೆ. ಅದು ಬೇಕು," ಎಂದರು, ಮಗಳನ್ನು ಕರೆಯುವ ಹಾಗೆ.

"ಕೊಡೋಣ ಜೆರೋ. ಹೆಸರೇನು ಹಾಡಿಂದು?"

"ಹಾಡಿಗೆ ಹೆಸರು ಯಾಕೆ? ಇರೋದು ಒಂದೇ ಹಾಡು. ಹಾಡು ಅಂದ್ರೆ ಅದೇ."

"ಕೊಟ್ಟವರು ಯಾರು?"

"ನಮ್ಮಜ್ಜ. ಮನೆ ಸೋರ್ತಿತ್ತು ಅಂತ ತಂದುಕೊಟ್ಟಿದ್ರು."

"ಅಜ್ಜನ ಹೆಸರು?"

"ಯಾವಾಗಿಂದು? ಹುಟ್ಟಿದಾಗ ಒಂದು. ದೊಡ್ಡ ಮಗ ಹುಟ್ಟಿದ ಮೇಲೆ ಅವನಪ್ಪ ಅಂತ ಒಂದು. ಮೊಮ್ಮಗ ಹುಟ್ಟಿದ ಮೇಲೆ ಇವನಜ್ಜ ಅಂತ ಒಂದು. ಪೂಜಾರಿ ಆದಾಗ ಇನ್ನೊಂದು. ಇಲ್ಲಿಗೆ ಬಂದಾಗ ಯಾವುದರಲ್ಲಿದ್ರೋ ನನಗೇನು ಗೊತ್ತು."

ರಸ್ಮಿನಿ ನಾಲ್ಕೂ ಹೆಸರು ಕೇಳಿ ಬರೆದುಕೊಂಡು, ಹಾಕಿ ನೋಡಿದಳು. ನಾಲ್ಕೂ ಸೇರಿ ಇಪ್ಪತ್ತೆರಡು ಕಟ್ಟು ಸಿಕ್ಕವು, ಎಲ್ಲ ಬೇರೆಯವರ ಅಜ್ಜಂದಿರವು. ಹದಿನೇಳು ಕೋಳಿ ಅಂಕದ ಶಕುನದ್ದು.

ವಿಷಯ ಇಷ್ಟು. ಪಂಗಿಯ ನೀರಿನ ಗುಡಿಯಲ್ಲಿ ಹತ್ತು ವರ್ಷಕ್ಕೊಮ್ಮೆ ದೊಡ್ಡ ಪೂಜೆ. ಅಂದು ನೀರು ಉಕ್ಕುವ ಊಟೆಯ ಮುಂದೆ ಹೆಂಗಸರು ಆ ಹಾಡನ್ನು ಪೂರ್ತಿ ಹಾಡಬೇಕು. ಹಾಡು ಅರ್ಧವಾದರೆ ನೀರೂ ಅರ್ಧ ಎಂದು ಊರಿನ ನಂಬಿಕೆ. ಅದನ್ನು ಪೂರ್ತಿ ಬಾಯಲ್ಲಿಟ್ಟುಕೊಂಡಿದ್ದ ಕೊನೆಯ ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಪೂಜೆ ಬರುವ ಬುಧವಾರ. ಹಾಡುವ ಹೆಂಗಸರಿಗೆ ಕಲಿಯಲು ಕಡೇಪಕ್ಷ ಮೂರು ದಿನ ಬೇಕು. ಭಾನುವಾರ ಬೆಳಿಗ್ಗೆ ಹಾಡು ಕೈಗೆ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ನಿಮಗೆ ಒಂಚೂರೂ ನೆನಪಿಲ್ವಾ ಜೆರೋ?"

"ಕೊನೆ ಸಾಲು ಇಡೀ ಊರಿಗೇ ನೆನಪಿದೆ. 'ಬಿಳಿ ಕೊಕ್ಕರೆ ಹಾರಿತು, ಗದ್ದೆಗೆ ನೀರು ಬಂತು.'"

"ಕೊನೇದು ಮಾತ್ರ ಯಾಕೆ?"

"ಶುರುವಲ್ಲಿ ಯಾರಿರ್ತಾರೆ? ಹಾಡೋರು ಬಿಟ್ರೆ ಹೆಂಗಸರೆಲ್ಲ ನೈವೇದ್ಯದ ಹತ್ರ, ಗಂಡಸರು ಹಂದಿ ಸುಡೋ ಹತ್ರ. ಕೊನೆ ಸಾಲು ಆದ ಕೂಡ್ಲೇ ಊಟ. ಅಷ್ಟೊತ್ತಿಗೆ ಎಲ್ಲಾರೂ ಹಾಜರು."

ಕೊನೆಯ ಸಾಲು ಗೊತ್ತಿದ್ದರೆ ಸಾಕು, ಅದಕ್ಕೆಂದೇ ಒಂದು ಗೂಡಿದೆ. ರಸ್ಮಿನಿ ಸ್ಟೈಲ್‌ಶೀಟಿನಲ್ಲಿ ಕೊಕ್ಕರೆಯನ್ನು ಬರೆದು, ಓಡಿಸಿ, ಪುಟ ಬರುವವರೆಗೆ ಪೂಜಾರಿಗೆ ಕಾಫಿ ತರಿಸಿದಳು. ಕಾಫಿಗಿಂತ ಮೊದಲು ಪುಟವೇ ಬಂತು. ಒಂದೂ ಇಲ್ಲ. ಕೊಕ್ಕರೆ ಬಿಟ್ಟು ಗದ್ದೆ ಹಾಕಿದಳು, ಗದ್ದೆ ಬಿಟ್ಟು ನೀರು ಹಾಕಿದಳು. ನೀರಿನಲ್ಲಿ ಮುಗಿಯುವ ಕಟ್ಟುಗಳು ಆರು ಇದ್ದವು. ಆರರಲ್ಲೂ ಯಾರೋ ಮುಳುಗಿ ಸಾಯುತ್ತಿದ್ದರು.

ಗುರುವಾರ ನಿರ್ದೇಶಕರು ಮಧ್ಯೆ ಬಂದರು. ತಾವರೆ ಅರಳಿಸಿದರು. ಪಾಸ್‌ವರ್ಡ್ ಕೇಳಿತು. ಮುಚ್ಚಿದರು.

"ಬು ನೆಂಗಾ, ಶೋಧ ಮುಗಿದಿದೆ. ಆ ಹಾಡು ನಮ್ಮಲ್ಲಿಲ್ಲ. ಸಂಸ್ಥೆ ಅಂದ್ಮೇಲೆ ಇದೆ ಅನ್ನೋದಕ್ಕೂ ಕಾಗದ ಇರ್ಬೇಕು, ಇಲ್ಲ ಅನ್ನೋದಕ್ಕೂ ಇರ್ಬೇಕು," ಎಂದು, ಸದರಿ ಹಾಡು ಇಲ್ಲವೆಂದು ದೃಢೀಕರಿಸುವ ಪ್ರಮಾಣಪತ್ರವೊಂದನ್ನು ತಾವೇ ಬರೆಸಿ, ಸಹಿ ಹಾಕಿ, ಮುದ್ರೆಯನ್ನು ಎರಡು ಸಲ ಒತ್ತಿ ಪೂಜಾರಿಯ ಕೈಗಿತ್ತರು.

ಪೂಜಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚೆನ್ನಾಗಿದೆ ಪಾಕ್ ಗುಸ್ತಿ. ಇದಕ್ಕೆ ರಾಗ ಯಾವುದು?"

ರಸ್ಮಿನಿಗೆ ಆ ಕಾಗದ ಕಣ್ಣಿಗೆ ಬಿದ್ದ ಮರಳಿನಂತಾಯಿತು. ಅಜ್ಜ ತಂದುಕೊಟ್ಟದ್ದು ನಿಜವಾದರೆ ಕಟ್ಟು ಇಲ್ಲೇ ಇರಬೇಕು. ಕಟ್ಟು ಇದ್ದರೆ ಅದರ ಫೈಲನ್ನು ಅವಳೇ ಕುಟ್ಟಿರಬೇಕು. ಇಲ್ಲವೆಂದರೆ ಪೂಜಾರಿ ಸುಳ್ಳು, ಅಥವಾ ತನ್ನ ಹದಿನೈದು ವರ್ಷ ಸುಳ್ಳು.

ಶುಕ್ರವಾರ ಮಧ್ಯಾಹ್ನ ಅವಳು ಶೀಟಿನಲ್ಲಿ ಮತ್ತೆ ಕೊಕ್ಕರೆಯನ್ನೇ ಬರೆದು ಓಡಿಸಿ, ಬಂದ ಖಾಲಿ ಪುಟವನ್ನು ನೋಡುತ್ತ ಕೂತಿದ್ದಾಗ ಮೊದಲ ಬಾರಿಗೆ ಅಡಿಯ ಲೆಕ್ಕದ ಮೇಲೆ ಕಣ್ಣು ಹೋಯಿತು. ನೋಡಿದ ಫೈಲು: ಸಾವಿರದ ಮುನ್ನೂರ ಎಪ್ಪತ್ತೈದು.

"ಬ್ಲಿ ರುಂತು, ಕಪಾಟಿನಲ್ಲಿ ಕಟ್ಟು ಎಷ್ಟಿದೆ?"

ರುಂತು ಗರಿಗಳಿಗೆ ಎಣ್ಣೆ ಹಚ್ಚುವವನು. ಅವಳಿಗೆ ಅವನು ಬ್ಲಿ, ಅಂದರೆ ಅಣ್ಣ; ಅವನಿಗೆ ಅವಳು ಮ್ಬೊಕ್, ಅಕ್ಕ. ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ ಅವನಿಗಿಂತ ಮೊದಲು ಕೋಣೆಗೆ ಬರುತ್ತಿತ್ತು. "ಸಾವಿರದ ನಾನೂರ ಹನ್ನೆರಡು. ವರ್ಷಕ್ಕೆರಡು ಸಲ ಮೈಯೆಲ್ಲ ಉಜ್ಜೋನು ನಾನು, ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಮೂವತ್ತೇಳು ಫೈಲು ಎಲ್ಲಿ ಹೋದ್ವು?"

"ನನ್ನ ಕೇಳ್ಬೇಡ ಮ್ಬೊಕ್. ನಾನು ಉಜ್ಜೋದು ಗರಿ. ಫೈಲು ಉಜ್ಜಲ್ಲ."

ರಸ್ಮಿನಿ ಮೊದಲು ತಾವರೆಯನ್ನು ಅನುಮಾನಿಸಿದಳು. ಆಮೇಲೆ ಹಿಂದಿನ ವರ್ಷ ಕಂಪ್ಯೂಟರನ್ನು ಮೇಜಿನಿಂದ ಮೇಜಿಗೆ ಸಾಗಿಸಿದ ನಿರ್ದೇಶಕರನ್ನು. ಆಮೇಲೆ ಮಾರಿಕೆಯನ್ನು, ಅವಳ ಹಣೆಗೆ ಪೆಟ್ಟು ಬಿದ್ದದ್ದು ನೆನಪಿತ್ತು. ತನ್ನನ್ನು ಅನುಮಾನಿಸುವುದು ಸರದಿಯಲ್ಲಿ ಬರಲೇ ಇಲ್ಲ. ಯಾವ ಮೂವತ್ತೇಳು ಎಂದು ಒಂದೊಂದೇ ನಂಬರು ಹೊಂದಿಸಿ ನೋಡೋಣವೆಂದರೆ ನಿರ್ದೇಶಕರು ಬಂದು, "ನಾಳೆ ಸರಸ್ವತಿ. ಸಿದ್ಧತೆ ಮಾಡಿ," ಎಂದರು. ಭಾನುವಾರ ಬೆಳಗಿನಿಂದ ಬೀದಿಗೆಲ್ಲ ಕರೆಂಟಿಲ್ಲ, ತಂತಿ ರಿಪೇರಿ ಎಂಬ ಚೀಟಿಯೂ ಗೇಟಿಗೆ ಅಂಟಿತ್ತು.

ಸರಸ್ವತಿಯ ದಿನ ಪುಸ್ತಕಕ್ಕೆ ಪೂಜೆ, ಪುಸ್ತಕಕ್ಕೆ ರಜ. ಮರುದಿನ ಮುಂಜಾನೆ ಕಡಲಲ್ಲಿ ಮುಳುಗಿ ಏಳುವವರೆಗೆ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ಶನಿವಾರ ಬೆಳಿಗ್ಗೆ ಎಲ್ಲರೂ ಬಿಳಿ ಅಂಗಿ ತೊಟ್ಟು ಅಂಗಳದಲ್ಲಿ ಕೂತರು. ಪೂಜಾರಿಯೂ ಬಂದಿದ್ದರು, ಈ ಸಲ ಹೆಲ್ಮೆಟ್ ಕೈಯಲ್ಲಿತ್ತು. ನಿರ್ದೇಶಕರು ಎದ್ದು ನಿಂತು, ಇಂದು ಏನನ್ನೂ ಏಕೆ ಓದಬಾರದು ಎಂಬ ಬಗ್ಗೆ ಐದು ಪುಟದ ಭಾಷಣವನ್ನು ಓದಿದರು.

"ಓದ್ಬಾರ್ದು ಅನ್ನೋದನ್ನ ಎಷ್ಟು ಚೆನ್ನಾಗಿ ಓದ್ತಾರೆ ನೋಡು," ಎಂದ ರುಂತು.

ಭಾಷಣ ಮುಗಿದ ಮೇಲೆ ನೈವೇದ್ಯ ಇಡುವ ಕೆಲಸ. ಕಪಾಟಿಗೆ, ಮೇಜಿಗೆ, ಕಂಪ್ಯೂಟರಿಗೆ, ಸರಸ್ವತಿಯ ಗುರುತೆಂದು ಅಕ್ಕಿಹಿಟ್ಟಿನಲ್ಲಿ ಕರಿದ ಪುಟ್ಟ ಹಲ್ಲಿಗಳಿದ್ದ ಬುಟ್ಟಿಗಳು. ರುಂತು ಕೊನೆಯ ದೊಡ್ಡ ಬುಟ್ಟಿಯನ್ನು ಹಿಡಿದು ಕೇಳಿದ: "ಇದು ಮಡಿ ಕಟ್ಟುಗಳದ್ದು. ಇಲ್ಲೇ ಕೆಳಗೆ ಬೇರೆಯವುಗಳ ಜೊತೆ ಇಟ್ಬಿಡ್ಲಾ? ಏಣಿ ಹತ್ತೋಕೆ ಮಂಡಿ ನೋವು."

"ಮೇಲಿಡು ಬ್ಲಿ. ಮಡೀದನ್ನ ಯಾರಾದ್ರೂ ಎಲ್ಲದರ ಜೊತೆ ಕೆಳಗಿಡ್ತಾರಾ? ನಾನಂತೂ ಜನ್ಮದಲ್ಲಿ ಇಟ್ಟಿಲ್ಲ," ಎಂದು ಗದರಿದಳು ರಸ್ಮಿನಿ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳ ಕೈಯಲ್ಲಿದ್ದ ಊದುಬತ್ತಿ ಅಲ್ಲೇ ನಿಂತಿತು. ಜನ್ಮದಲ್ಲಿ ಇಟ್ಟಿಲ್ಲ. ಹೌದು, ಇಟ್ಟಿರಲಿಲ್ಲ. ಹದಿನೈದು ವರ್ಷದ ಹಿಂದೆ, ಮುಟ್ಟುವ ಮುಂಚೆ ನೈವೇದ್ಯ ಬೇಡುವ ಮಡಿ ಕಟ್ಟುಗಳ ಫೈಲುಗಳನ್ನು ಕುಟ್ಟಿ ಮುಗಿಸಿದ ದಿನ, ಅವನ್ನು ಮಿಕ್ಕವುಗಳ ಫೋಲ್ಡರಿಗೆ ಹಾಕಲು ಹೋಗಿ ಕೈ ಹಿಂದೆಗೆದದ್ದು ನೆನಪಾಯಿತು. ಅದೇ ಫೋಲ್ಡರಿನಲ್ಲಿ ಕಚೇರಿಯ ಕಕ್ಕಸು ರಿಪೇರಿಯ ಪತ್ರವೂ ಇತ್ತು. ಅದರ ಪಕ್ಕ ದೇವರನ್ನು ಕೂರಿಸುವುದೆಂದರೇನು? ಒಂದು ಮೆಟ್ಟಿಲು ಮೇಲೆ, ಹೊರಗಿನ ದೊಡ್ಡ ಫೋಲ್ಡರಿನಲ್ಲಿ, ಪರ್ವತದ ದಿಕ್ಕಿಗೆ ಗುಡಿ ಕಟ್ಟುವ ಹಾಗೆ, ಮೂವತ್ತೇಳನ್ನೂ ಇರಿಸಿ ಕೈಮುಗಿದಿದ್ದಳು. ಆಮೇಲೆ ಮರೆತಿದ್ದಳು. ಅವಳ ಸ್ಟೈಲ್‌ಶೀಟಿಗೆ ಕೆಳಗೆ ಇಳಿಯುವುದು ಮಾತ್ರ ಗೊತ್ತಿತ್ತು. ಅದು ಹುಟ್ಟಿದಂದಿನಿಂದ ತಲೆಯೆತ್ತಿ ನೋಡಿರಲಿಲ್ಲ.

ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದಳು. ರುಂತು ನಕ್ಕು ನಕ್ಕು ಏಣಿ ಹಿಡಿದುಕೊಂಡ. ನಿರ್ದೇಶಕರು ಮಾತ್ರ ಗಂಭೀರವಾದರು.

"ಇವತ್ತು ಆಗೋದಿಲ್ಲ ಬು ನೆಂಗಾ. ನಾಳೆ ಮೇಲಿನ ಕಪಾಟು ತೆಗೆದು ನೋಡೋಣ."

"ಎಣ್ಣೆ ಹಚ್ಚೋ ದಿನ ಬಿಟ್ರೆ ಮಡಿ ಪೆಟ್ಟಿಗೆ ಒಂದೊಂದು ತೆಗೆಯೋಕೂ ಒಂದೊಂದು ಬಾತುಕೋಳಿ ಅರ್ಪಿಸ್ಬೇಕಲ್ಲ ಪಾಕ್ ಗುಸ್ತಿ. ಮೂವತ್ತೇಳು ಬಾತುಕೋಳಿ ಎಲ್ಲಿಂದ ತರೋದು? ಯಾವ ಪೆಟ್ಟಿಗೆ ಅಂತ ಮೊದಲು ಗೊತ್ತಾಗ್ಬೇಕು. ನಾಳೆ ಕರೆಂಟಿಲ್ಲ."

"ಓದೋದು ಬರೆಯೋದು ನಿಷಿದ್ಧ. ಈಗಷ್ಟೇ ಐದು ಪುಟ ಹೇಳಿದೆ."

"ಬರೆಯೋದೇನಿಲ್ಲ. ಕೊಕ್ಕರೆ ಆಗ್ಲೇ ಬರೆದಿದೆ. ಶೀಟನ್ನ ಹಿಡಿದು ಒಂದು ಮೆಟ್ಲು ಮೇಲಕ್ಕೆ ಎಳೆದು ಬಿಟ್ರೆ ಸಾಕು, ಅಲ್ಲಿಂದ ಕೆಳಗಿರೋದೆಲ್ಲ ಕಾಣುತ್ತೆ."

"ಮೂವತ್ತೇಳನ್ನೇ ಕೆಳಗೆ ಎಳೆಯಬಹುದಲ್ಲ?"

ಎಲ್ಲರೂ ತಲೆಯೆತ್ತಿ ಮೇಲಿನ ಕಪಾಟು ನೋಡಿದರು. ನಿರ್ದೇಶಕರಿಗೂ ತಾವೇನು ಹೇಳಿದೆವೆಂದು ಅರಿವಾಗಿ, ತಲೆಯ ರುಮಾಲು ಸರಿಮಾಡಿಕೊಂಡರು. ದೇವರನ್ನು ಕೆಳಗಿಳಿಸಿ ಹುಡುಕುವುದುಂಟೇ? ಹುಡುಕುವವರು ಹತ್ತಬೇಕು.

"ಆಯ್ತು. ಆದ್ರೆ ಓದೋದು?" ಎಂದರು, ಬೇರೆ ಕಡೆಯಿಂದ ಬಂದು. "ಸಾವಿರದ ನಾನೂರು ಫೈಲು ಓದ್ಲೇಬೇಕಲ್ಲ. ಯಂತ್ರ ಓದಿದ್ರೂ ಓದಿದ್ದೇ."

ಎಲ್ಲರೂ ಪೂಜಾರಿಯ ಕಡೆ ತಿರುಗಿದರು. ಅವರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು.

"ನಮ್ಮನೆ ಬೆಕ್ಕು ದಿನಾ ಗರಿ ಕಟ್ಟಿನ ಮೇಲೇ ಮಲಗುತ್ತೆ. ಹನ್ನೊಂದು ವರ್ಷ ಆಯ್ತು. ಪಂಡಿತ ಆಗಿಲ್ಲ. ಅರ್ಥ ಆದ್ರೆ ತಾನೇ ಓದು? ಈ ಯಂತ್ರಕ್ಕೆ ಕೊಕ್ಕರೆ ಅಂದ್ರೆ ಏನು ಗೊತ್ತು? ಅದು ನೋಡ್ಲಿ. ನಾವು ನೋಡೋದು ಬೇಡ."

ಗೋಡೆಯ ಮೇಲಿನ ಹಲ್ಲಿ ಲೊಚಲೊಚ ಎಂದಿತು. ಎಲ್ಲರೂ ಕೈ ಜೋಡಿಸಿ "ಸರಸ್ವತಿ" ಎಂದರು. ನಿರ್ದೇಶಕರೂ ಎಂದರು. ಹಲ್ಲಿಯ ಮೇಲೆ ಅಪೀಲು ಹೋಗುವುದು ಆ ಊರಿನಲ್ಲಿ ಯಾರಿಗೂ ಸಾಧ್ಯವಿಲ್ಲ.

ರಸ್ಮಿನಿ ಕಂಪ್ಯೂಟರಿನ ಮುಂದೆ ಕೂತು, ಅಕ್ಷರಗಳು ಕಾಣದ ಹಾಗೆ ಕಣ್ಣನ್ನು ಅರೆಮುಚ್ಚಿ, ಎಲ್ಲಿ ಏನಿದೆಯೆಂದು ಅಭ್ಯಾಸಬಲದಿಂದಲೇ ತಿಳಿದವಳಾಗಿ, ಶೀಟನ್ನು ಹಿಡಿದು ಒಂದು ಮೆಟ್ಟಿಲು ಮೇಲಕ್ಕೆ ಎಳೆದಳು. ಓಡಿಸಿದಳು. ಪರದೆಗೆ ರುಂತು ಎಣ್ಣೆ ಬಟ್ಟೆ ಹೊದಿಸಿದ. ಪ್ರಿಂಟರು ಕೆಮ್ಮಿ, ಒಂದು ಹಾಳೆಯನ್ನು ಬೆನ್ನು ಮೇಲಾಗಿ ಉಗುಳಿತು. ಒಂದೇ ಹಾಳೆ. ಏನೂ ಸಿಗದಿದ್ದರೂ ಒಂದು ಹಾಳೆ ಬರುತ್ತಿತ್ತು, ಸಿಕ್ಕಿದ್ದರೂ ಒಂದೇ. ಅದನ್ನು ತಿರುಗಿಸದೆ ನಾಲ್ಕು ಮಡಿಕೆ ಮಡಚಿ, ನೈವೇದ್ಯದ ಬುಟ್ಟಿಯಲ್ಲಿ ಅಕ್ಕಿಹಿಟ್ಟಿನ ಹಲ್ಲಿಯ ಕೆಳಗಿಟ್ಟರು.

ಆ ಇಡೀ ದಿನ ನಿರ್ದೇಶಕರು ಯಾವುದೋ ನೆಪದಲ್ಲಿ ಬುಟ್ಟಿಯ ಸುತ್ತ ಏಳು ಸಲ ಸುಳಿದರು. ರುಂತು ಎಣಿಸಿದ್ದ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅರ್ಧ ಊರು ಕಡಲಲ್ಲಿತ್ತು. ರಸ್ಮಿನಿ ಮೂರು ಸಲ ಮುಳುಗಿ, ಒದ್ದೆ ಕೂದಲಲ್ಲೇ ದಡಕ್ಕೆ ಬಂದಳು. ಪೂಜಾರಿ ಆಗಲೇ ಮರಳಿನ ಮೇಲೆ ಕೂತು ಹಳದಿ ಅನ್ನ ತಿನ್ನುತ್ತಿದ್ದರು. ಬುಟ್ಟಿಯನ್ನು ಮಧ್ಯೆ ಇಟ್ಟರು.

"ನೀನೇ ಓದು ಲುಹ್. ನನಗೆ ಕನ್ನಡಕ ಇಲ್ಲ," ಎಂದರು. ಕನ್ನಡಕ ಅವರ ಜೇಬಿನಲ್ಲೇ ಇತ್ತು.

ಹಾಳೆ ಹಲ್ಲಿಯ ಎಣ್ಣೆ ಕುಡಿದು ಮೆತ್ತಗಾಗಿತ್ತು. ಅವಳು ಮೊದಲು ಅಡಿಯ ಲೆಕ್ಕ ನೋಡಿದಳು. ಸಾವಿರದ ನಾನೂರ ಹನ್ನೆರಡು. ಆಮೇಲೆ ಮೇಲೆ ನೋಡಿದಳು. ಒಂದೇ ಸಾಲಿತ್ತು. ಪೆಟ್ಟಿಗೆ ಹತ್ತೊಂಬತ್ತು, ಗರಿ ಹನ್ನೊಂದು, ಕೊಟ್ಟವರು ಪಂಗಿಯ ಒಬ್ಬರು, ಹೆಸರು ಹೇಳಲಿಲ್ಲ. ಕೊನೆಯ ಸಾಲು: ಬಿಳಿ ಕೊಕ್ಕರೆ ಹಾರಿತು, ಗದ್ದೆಗೆ ನೀರು ಬಂತು.

ಪೂಜಾರಿ ಹಿಡಿದಿದ್ದ ಅನ್ನದ ತುತ್ತನ್ನು ಕೆಳಗಿಟ್ಟರು. "ಹೆಸರು ಹೇಳ್ಲಿಲ್ಲವಂತೆ," ಎಂದರು. "ಯಾವುದು ಹೇಳೋದು ಅಂತ ಅವರಿಗೂ ಗೊತ್ತಾಗಿರ್ಲಿಕ್ಕಿಲ್ಲ."

ಒಂದೇ ಬಾತುಕೋಳಿಯಲ್ಲಿ ಕೆಲಸ ಮುಗಿಯಿತು. ರಸ್ಮಿನಿ ಹನ್ನೊಂದು ಗರಿಯ ಹಾಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಟ್ಟಳು. ಕಾಗದ ಹರಿಯಲಿಲ್ಲ. ಪೂಜಾರಿ ಅದನ್ನು ಹೆಲ್ಮೆಟ್ಟಿನೊಳಗೆ ಸಿಕ್ಕಿಸಿ ತಲೆಗೇರಿಸಿಕೊಂಡು ಬೆಟ್ಟ ಹತ್ತಿದರು.

ಬುಧವಾರ ಮೂಲ ಕಟ್ಟನ್ನು ಬಿಳಿ ಹಳದಿ ಬಟ್ಟೆ ಸುತ್ತಿ ಪಂಗಿಗೆ ಒಯ್ದರು. ತಲೆಯ ಮೇಲೆ ಹೊರುವ ಗೌರವ ತಮ್ಮದೇ ಎಂದು ನಿರ್ದೇಶಕರು ಹಟ ಹಿಡಿದರು. ಒಳ್ಳೆಯದೇ ಆಯಿತು. ತಲೆಯ ಮೇಲೆ ಮಡಿ ಪೆಟ್ಟಿಗೆಯಿದ್ದಾಗ ಅತ್ತಿತ್ತ ತಿರುಗುವಂತಿಲ್ಲ, ಮಾತಾಡುವಂತಿಲ್ಲ. ಇನ್ನೂರ ಹತ್ತು ಮೆಟ್ಟಿಲು ಅವರು ಮೌನವಾಗಿ ಹತ್ತಿದ್ದನ್ನು ರುಂತು ಮೊಬೈಲಿನಲ್ಲಿ ಹಿಡಿದಿಟ್ಟ.

ಏಳು ಜನ ಹೆಂಗಸರು ಊಟೆಯ ಮುಂದೆ ಕೂತು ಶುರು ಮಾಡಿದರು. ಹಾಡಿಗೆ ಶುರುವೊಂದು ಇದೆ ಎಂದು ಕೇಳಿದ ಊರವರು ಒಬ್ಬೊಬ್ಬರಾಗಿ ಒಲೆಯ ಹತ್ತಿರದಿಂದ, ಹಂದಿಯ ಹತ್ತಿರದಿಂದ ಎದ್ದು ಬಂದರು. ಹಾಡಿನ ನಡುವೆ ಒಂದು ಕಡೆ ಏಡಿಯೊಂದು ನೀರಿನ ದಾರಿ ಕೇಳಿಕೊಂಡು ಬೆಟ್ಟ ಹತ್ತುತ್ತದೆ, ಎಲ್ಲರೂ ಕೆಳಗೆ ಹೋಗು ಎನ್ನುತ್ತಾರೆ. ಮುದುಕರು ಮಕ್ಕಳಂತೆ ಬಾಯಿ ತೆರೆದು ಕೇಳಿದರು. ಕೊನೆಯ ಸಾಲು ಬಂದಾಗ ಇಡೀ ಊರು ಒಟ್ಟಿಗೆ ಕೂಗಿ ಹಾಡಿದ ರಭಸಕ್ಕೆ ಮರದ ಮೇಲಿನ ನಿಜವಾದ ಕೊಕ್ಕರೆ ಎರಡು ಎದ್ದು ಹೋದವು.

ಹೊರಡುವಾಗ ಪೂಜಾರಿ ರಸ್ಮಿನಿಯನ್ನು ಕರೆದು, ದಾರಿಗೆಂದು ಬೆಲ್ಲ ಹಾಕಿ ಎಣ್ಣೆಯಲ್ಲಿ ಕರಿದ ಅಂಟಕ್ಕಿ ಉಂಡೆಗಳ ಪೊಟ್ಟಣವೊಂದನ್ನು ಕೊಟ್ಟರು. ಗಾಡಿಯಲ್ಲಿ ಕೂತು ಬಿಚ್ಚಿದರೆ, ಸುತ್ತಿದ್ದದ್ದು ದಪ್ಪನೆಯ ಸರ್ಕಾರಿ ಬಗೆಯ ಕಾಗದ. ಸದರಿ ಹಾಡು ಈ ಸಂಸ್ಥೆಯಲ್ಲಿ ಇಲ್ಲವೆಂದು ಇದರ ಮೂಲಕ ದೃಢೀಕರಿಸಲಾಗಿದೆ. ಮುಂದಿನ ಸೀಟಿನಲ್ಲಿದ್ದ ನಿರ್ದೇಶಕರು, ಹೊಸ ಊರ್ಧ್ವಮುಖ ಶೋಧಪದ್ಧತಿಗೆ ಯಾವ ಹೆಸರಿಡಬಹುದೆಂದು ಚಾಲಕನಿಗೆ ವಿವರಿಸುತ್ತಿದ್ದರು.

ರಸ್ಮಿನಿ ಒಂದು ಉಂಡೆ ರುಂತುವಿಗೆ ಕೊಟ್ಟು, ಒಂದನ್ನು ಬಾಯಿಗಿಟ್ಟುಕೊಂಡಳು. ಕಾಗದ ಗಟ್ಟಿಯದು. ಎರಡು ಸಲ ಒತ್ತಿದ್ದ ಮುದ್ರೆಯ ಜಾಗದಲ್ಲಿ ಎಣ್ಣೆ ಒಂದು ಹನಿಯೂ ಹೊರಬಂದಿರಲಿಲ್ಲ.